ಮಾತ್ರೆಯ ಆಟ, ಲೆಕ್ಕದ ಪಾಠ

ಲೆಕ್ಕಕ್ಕೆ ಅಂಜಿ ಕನ್ನಡ ಎಂ.ಎ. ಹಿಡಿದವರಲ್ಲಿ ನಾನೂ ಒಬ್ಬನು. ಮೂವತ್ತು ವರ್ಷ ಕಾಲೇಜಿನಲ್ಲಿ ಛಂದಸ್ಸು ಕಲಿಸಿದೆ. ಹಲಗೆಯ ಮೇಲೆ ಲಘು-ಗುರುಗಳನ್ನು ಗುರುತಿಸಿದೆ, ಗಣ ವಿಂಗಡಿಸಿದೆ, ಪ್ರಸ್ತಾರ ಹಾಕಿಸಿದೆ. ಅಷ್ಟು ಕಾಲವೂ ನಾನು ಗಣಿತವನ್ನೇ ಕಲಿಸುತ್ತಿದ್ದೆನೆಂಬುದು ಮಾತ್ರ ನಿವೃತ್ತನಾದ ಮೇಲೆ, ಕಳೆದ ವರ್ಷ, ರಾಯಬಾಗ ತಾಲೂಕಿನ ಒಂದು ಪ್ರಾಥಮಿಕ ಶಾಲೆಯ ನೆಲದ ಮೇಲೆ ಕುಳಿತಾಗ ತಿಳಿಯಿತು.

ಆಟದ ಮೂಲಕ ಪಾಠವೆಂಬುದು ನಮ್ಮ ನಾಡಿಗೆ ಹೊಸತಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊದಲಾದ ‘ನಲಿ-ಕಲಿ’ ಮುಂದೆ ರಾಜ್ಯದ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಹರಡಿತು. ಕಾರ್ಡು, ಹಾಡು, ಆಟಗಳಿಂದ ಮಗು ತನ್ನದೇ ವೇಗದಲ್ಲಿ ಮೆಟ್ಟಿಲೇರಲೆಂಬುದು ಅದರ ಆಶಯ. ಆದರೆ ಆಟ ಮುಗಿದ ಮೇಲೆ ಮಗುವಿನಲ್ಲಿ ಉಳಿಯುವುದು ಏನು? ಬರಿಯ ಸಂತೋಷವೇ, ಅಥವಾ ಒಂದು ತಿಳಿವಳಿಕೆಯೇ? ಇಂದಿನ ಮಾತು ಇದನ್ನು ಕುರಿತದ್ದು.

ಆ ಶಾಲೆಯ ಅಕ್ಕೋರು ಐದನೆಯ ತರಗತಿಗೆ ಪದ್ಯವೊಂದನ್ನು ಓದಿ ಹೇಳಲು ನನ್ನನ್ನು ಕರೆದಿದ್ದರು. ಓದುವ ಮೊದಲು ಮಕ್ಕಳ ಕಿವಿ ತೆರೆಯಲೆಂದು ನಾನೊಂದು ಚಪ್ಪಾಳೆಯ ಆಟ ಹೂಡಿದೆ. ಲಘುವಿಗೆ ಒಂದು ಚಪ್ಪಾಳೆ. ಅದು ಒಂದು ಮಾತ್ರೆ. ಗುರುವಿಗೆ ಚಪ್ಪಾಳೆ ತಟ್ಟಿ, ಕೈ ಅಗಲಿಸಿ, ಒಂದು ಎಣಿಕೆ ತಡೆಯಬೇಕು. ಅದು ಎರಡು ಮಾತ್ರೆ. ನಾನು ಹೇಳಿದಷ್ಟೇ ಮಾತ್ರೆಗಳನ್ನು ಎಷ್ಟು ಬಗೆಯಲ್ಲಿ ತಟ್ಟಬಹುದು? ಒಬ್ಬರು ತಟ್ಟಿದ್ದನ್ನು ಇನ್ನೊಬ್ಬರು ತಟ್ಟಬಾರದು. ತಟ್ಟಿದ್ದನ್ನು ತಮ್ಮ ಪಾಟಿಯ ಮೇಲೆ ಗುರುತಿಸಬೇಕು.

ಒಂದು ಮಾತ್ರೆಗೆ ಒಂದೇ ಬಗೆ. ಎರಡಕ್ಕೆ ಎರಡು: ಎರಡು ಲಘು, ಇಲ್ಲವೆ ಒಂದು ಗುರು. ಮೂರಕ್ಕೆ ಮೂರು. ಹಾಗಾದರೆ ನಾಲ್ಕಕ್ಕೆ? ‘ನಾಕ್ರೀ ಸರ್!’ ಎಂದು ಇಡೀ ತರಗತಿ ಕೂಗಿತು. ಒಂದು, ಎರಡು, ಮೂರು ಆದ ಮೇಲೆ ನಾಲ್ಕು ಬರಲೇಬೇಕಲ್ಲವೆ? ಹಿಂದಿನ ಸಾಲಿನಿಂದ ಒಬ್ಬ ಹುಡುಗ ಮೆಲ್ಲಗೆ ‘ಪಾಚ್’ ಎಂದನು. ಎಲ್ಲರೂ ನಕ್ಕರು.

ಈ ನಗುವಿನ ಹಿನ್ನೆಲೆ ಹೇಳಬೇಕು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ – ನಮ್ಮ ಈ ಗಡಿ ತಾಲೂಕುಗಳಲ್ಲಿ ಮನೆಯ ಮಾತೊಂದು, ಶಾಲೆಯ ಮಾತೊಂದು ಆಗಿರುವ ಮಕ್ಕಳು ಉಂಟು. ಈ ಹುಡುಗ ನಿಪ್ಪಾಣಿಯ ಕಡೆಯಿಂದ ಬಂದವನು, ಮನೆಯಲ್ಲಿ ಮರಾಠಿ. ತರಗತಿಯಲ್ಲಿ ಬಾಯಿ ತೆರೆಯದ್ದರಿಂದ ದಡ್ಡನೆಂಬ ಹೆಸರು ಬಂದಿತ್ತು. ಅವನ ತಾಯಿ ಬೀಡಿ ಸುತ್ತುವವರು. ಇಪ್ಪತ್ತೈದರ ಕಟ್ಟು ನಲವತ್ತಾದರೆ ಸಾವಿರವೆಂಬ ಲೆಕ್ಕ ಅವನಿಗೆ ಮನೆಯಲ್ಲೇ ಬಾಯಿಗೆ ಬಂದಿತ್ತು. ಶಾಲೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

‘ತಟ್ಟಿ ತೋರಿಸಪ್ಪ’ ಎಂದೆ. ನಾಲ್ಕು ಲಘು ತಟ್ಟಿದನು. ಎರಡು ಗುರು ತಟ್ಟಿದನು. ಆಮೇಲೆ ಒಂದು ಗುರುವನ್ನು ಎರಡು ಲಘುಗಳ ಮುಂದೆ, ನಡುವೆ, ಹಿಂದೆ ಇಟ್ಟು ಮೂರು ಬಗೆಯಲ್ಲಿ ತಟ್ಟಿದನು. ಒಟ್ಟು ಐದು. ನಗು ನಿಂತಿತು. ಚಪ್ಪಾಳೆಗೆ ಕನ್ನಡ, ಮರಾಠಿ ಎಂಬ ಭೇದವಿಲ್ಲ.

ಸಂಖ್ಯೆಗಳ ಸಾಲಿನಲ್ಲಿ ಕ್ರಮ ಕಂಡಿತೆಂದು ಮನಸ್ಸು ಆತುರಪಡುತ್ತದೆ. ಎಣಿಸಿ ನೋಡಿದಾಗಲೇ ನಿಜ ತಿಳಿಯುವುದು. ಇದು ಮೊದಲ ಪಾಠ. ಐದೇ ಏಕೆ ಎಂಬುದು ಎರಡನೆಯದು. ಅದನ್ನೂ ಆಟವಾಗಿಯೇ ಆಡಿದೆವು. ಐದು ಪಾಟಿಗಳಲ್ಲಿ ಲಘುವಿನಿಂದ ಮುಗಿಯುವವು ಕಿಟಕಿಯ ಕಡೆ, ಗುರುವಿನಿಂದ ಮುಗಿಯುವವು ಬಾಗಿಲ ಕಡೆ ನಿಂತವು. ‘ಕೊನೆಯ ಗುರುತನ್ನು ಅಂಗೈಯಿಂದ ಮುಚ್ಚಿರಿ’ ಎಂದೆ. ಕಿಟಕಿಯ ಕಡೆ ಉಳಿದು ಕಂಡದ್ದು ಮೂರು ಮಾತ್ರೆಯ ಹಳೆಯ ಮೂರು ಬಗೆಗಳೇ. ಬಾಗಿಲ ಕಡೆ ಕಂಡದ್ದು ಎರಡು ಮಾತ್ರೆಯ ಹಳೆಯ ಎರಡು ಬಗೆಗಳೇ. ಮೂರೂ ಎರಡೂ ಕೂಡಿ ಐದು! ‘ಹಿಂದಿನವೆರಡು ಕೂಡಿದರ ಮುಂದಿಂದು ಬರ್ತೈತ್ರಿ’ ಎಂದು ಒಬ್ಬಳು ಹುಡುಗಿ ಸೂತ್ರವನ್ನೇ ಹೇಳಿಬಿಟ್ಟಳು. ಐದು ಮಾತ್ರೆಗೆ ಎಂಟು, ಆರಕ್ಕೆ ಹದಿಮೂರು.

ಈ ಸೂತ್ರ ಬಹು ಹಳೆಯದು. ಪ್ರಾಕೃತ ಛಂದಸ್ಸನ್ನು ಕುರಿತು ಬರೆದ ವಿರಹಾಂಕನೂ 12ನೆಯ ಶತಮಾನದ ಜೈನಾಚಾರ್ಯ ಹೇಮಚಂದ್ರನೂ ಮಾತ್ರೆಗಳನ್ನು ಎಣಿಸುತ್ತಲೇ ಇದನ್ನು ಕಂಡರು. ಇಟಲಿಯ ಫಿಬೊನಾಚಿ ಮೊಲಗಳ ಸಂತತಿಯ ಲೆಕ್ಕವಾಗಿ ಇದನ್ನು ಬರೆದದ್ದು 1202ರಲ್ಲಿ. ಜಗತ್ತು ಈ ಸಾಲನ್ನು ಅವನ ಹೆಸರಿನಿಂದ ಕರೆಯುತ್ತದೆ. ಪದ್ಯದ ಲಯವನ್ನು ಎಣಿಸಿದವರಿಗೆ ಇದು ಅದಕ್ಕಿಂತ ಮೊದಲೇ ಸಿಕ್ಕಿತ್ತು. ಕಾವ್ಯ ಬೇರೆ, ಲೆಕ್ಕ ಬೇರೆ ಎಂದು ನಂಬಿ ನಾನು ಓಡಿದ್ದು ಎಲ್ಲಿಂದ ಎಲ್ಲಿಗೆ?

ಉಪಾಧ್ಯಾಯರಲ್ಲಿ ನನ್ನ ಬಿನ್ನಹ ಇಷ್ಟೆ. ಸೂತ್ರವನ್ನು ಮೊದಲು ಹೇಳಬೇಡಿರಿ. ಮಗು ಆಡಲಿ, ಊಹಿಸಲಿ, ತಪ್ಪಲಿ, ಎಣಿಸಲಿ. ಆದರೆ ಅಲ್ಲಿಗೇ ಆಟ ನಿಲ್ಲಿಸಲೂ ಬೇಡಿರಿ, ‘ಏಕೆ?’ ಎಂದು ಕೇಳಿರಿ. ಆ ಪ್ರಶ್ನೆಯಿಲ್ಲದಿದ್ದರೆ ಚಪ್ಪಾಳೆ ಬರಿಯ ಸದ್ದು. ಉತ್ತರ ಯಾವ ಭಾಷೆಯಲ್ಲಿ ಬಂದರೂ, ಮೊದಲು ಅದು ಸರಿಯೇ ಎಂದು ನೋಡಿರಿ. ಭಾಷೆಯನ್ನು ಆಮೇಲೆ ತಿದ್ದಬಹುದು.

ಹೊರಡುವ ಮುನ್ನ ಆ ಹುಡುಗನನ್ನು ‘ಏಳು ಮಾತ್ರೆಗೆ?’ ಎಂದು ಕೇಳಿದೆ. ತುಸು ಹೊತ್ತು ಬೆರಳು ಎಣಿಸಿ ‘ಏಕವೀಸ’ ಎಂದನು. ಮತ್ತೆ ತಾನೇ ‘ಇಪ್ಪತ್ತೊಂದ್ರಿ’ ಎಂದನು. ಮರಾಠಿಯಲ್ಲಿ ಒಂದು ಮೊದಲು ಬರುತ್ತದೆ, ಕನ್ನಡದಲ್ಲಿ ಇಪ್ಪತ್ತು ಮೊದಲು. ಎರಡೂ ಸರಿಯೆಂದು ಹೇಳಿ ಬಂದೆ.