ಎರೆಮಣ್ಣಿನ ಅಂಗಳಕ್ಕೆ ಯಾವ ಗಿಡ?

ಮಲೆನಾಡಿನಿಂದ ವಿಜಯಪುರ, ಬಾಗಲಕೋಟೆ ಕಡೆ ಬಂದು ನೆಲೆಸಿದವರು ಊರಿನ ನೆನಪಿಗೆಂದು ಕೇಪಳದ ಗಿಡ ತಂದು ಅಂಗಳದಲ್ಲಿ ನೆಡುವುದುಂಟು. ಸ್ವಲ್ಪ ಕಾಲ ಹೂ ಬಿಡುತ್ತದೆ. ಆಮೇಲೆ ಚಿಗುರೆಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರು. ನೀರು ಸಾಲದೇನೋ ಎಂದು ಇನ್ನೊಂದು ಕೊಡ ಸುರಿದರೆ ಹಳದಿ ಮತ್ತಷ್ಟು ಏರುತ್ತದೆ.

ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಬೇರಿಗೆ ದಕ್ಕುವುದಿಲ್ಲ ಅಷ್ಟೆ. ಎರೆಮಣ್ಣಿನಲ್ಲಿ ಸುಣ್ಣದ ಹರಳು ಜಾಸ್ತಿ, ರಸಸಾರ (pH) ಹಲವೆಡೆ 8 ದಾಟುತ್ತದೆ. ಅಂಥಲ್ಲಿ ಕಬ್ಬಿಣ ನೀರಿನಲ್ಲಿ ಕರಗದ ರೂಪ ತಾಳುತ್ತದೆ. ಕೇಪಳದ ತವರು ಹುಳಿ ಗುಣದ ಕೆಂಪು ಜಂಬಿಟ್ಟಿಗೆ ನೆಲ. ಅದೂ ಕರ್ನಾಟಕದ್ದೇ ಗಿಡ ನಿಜ; ಆದರೆ ಗಿಡಕ್ಕೆ ರಾಜ್ಯದ ಗಡಿ ಗೊತ್ತಿಲ್ಲ, ಮಣ್ಣು ಗೊತ್ತು. (ಹೆಸರನ್ನೂ ನಂಬುವಂತಿಲ್ಲ: ಬಳ್ಳಾರಿ ಜಾಲಿ ಬಂದದ್ದು ಅಮೆರಿಕ ಖಂಡದಿಂದ.)

ಎರೆಮಣ್ಣಿಗೆ ಇನ್ನೊಂದು ಚಾಳಿಯಿದೆ. ಅದರ ಜೇಡಿಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಏಪ್ರಿಲ್‌ನಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಟ್ಟು ಎಳೆಬೇರನ್ನು ಹರಿಯುವ ನೆಲವೇ ಮಳೆಗಾಲದಲ್ಲಿ ಮುಚ್ಚಿಕೊಂಡು ಬೇರಿನ ಉಸಿರು ಕಟ್ಟಿಸುತ್ತದೆ.

ಇದನ್ನೆಲ್ಲ ತಾಳಿಕೊಂಡೇ ಬಯಲುಸೀಮೆಯ ದಾರಿ ಬದಿಯಲ್ಲಿ ತಂಗಡಿ ಹೂ ಬಿಡುತ್ತದೆ. ಹಿಂದೆ ತೊಗಲು ಹದ ಮಾಡಲು ಇದರ ತೊಗಟೆಯೇ ಬೇಕಿತ್ತು. ಬೆಳಗಿನ ಹೊತ್ತು ಹೂವಿನ ಪಕ್ಕ ಐದು ನಿಮಿಷ ಕುಳಿತು ನೋಡಿ. ಕರಿ ದುಂಬಿಯೊಂದು ಬಂದು ಕೇಸರಗಳನ್ನು ತಬ್ಬಿ ಹಿಡಿದು ಗುಂಯ್‌ಗುಡುತ್ತದೆ. ಇದರಲ್ಲಿ ಮಕರಂದವಿಲ್ಲ, ಪರಾಗ ಇರುವುದು ತುದಿಯಲ್ಲಿ ಸಣ್ಣ ರಂಧ್ರವಿರುವ ಚೀಲದೊಳಗೆ. ಉಪ್ಪಿನ ಡಬ್ಬಿ ಕುಲುಕಿದ ಹಾಗೆ, ದುಂಬಿ ಮೈ ನಡುಗಿಸಿದಾಗಲೇ ಅದು ಉದುರುವುದು. ಇಷ್ಟೊಂದು ನಾಟಕ ತೋರಿಸುವ ಗಿಡವನ್ನು ನರ್ಸರಿಯವರು ಯಾಕೆ ಇಡುವುದಿಲ್ಲವೋ!

ಬೇಲಿಗೆ ಬಂದರಿಕೆ ಒಳ್ಳೆಯದು. ಎಲೆ ಮುಟ್ಟಿದರೆ ಬೆರಳಿಗೆ ಅಂಟುತ್ತದೆ. ಆ ಅಂಟಿನ ಲೇಪವೇ ಎಲೆಯ ನೀರು ಆವಿಯಾಗದಂತೆ ತಡೆಯುವುದು. ದನ ಮುಟ್ಟದ ಲಕ್ಕಿ, ಹಳದಿ ಹೂವಿನ ಮುಳ್ಳುಗೋರಂಟಿಯೂ ಆದೀತು.

ನೆಡುವಾಗ ಆಳದ ಗುಂಡಿ ತೋಡಿ ಕೆಂಪುಮಣ್ಣು ತುಂಬಬೇಡಿ. ಸುತ್ತಲಿನ ಎರೆ ಬಟ್ಟಲಿನಂತೆ ನೀರು ಹಿಡಿದಿಟ್ಟು ಬೇರು ಕೊಳೆಯುತ್ತದೆ. ಅಂಗಳದ ಎರೆಮಣ್ಣನ್ನೇ ಗೇಣುದ್ದ ದಿಬ್ಬ ಮಾಡಿ, ಮುಂಗಾರಿನ ಮೊದಲ ಮಳೆಗೆ ನೆಡಿ. ಕೇಪಳವನ್ನು ಬಿಟ್ಟಿರಲಾರೆವು ಎನ್ನುವವರು ಕುಂಡದಲ್ಲಿ ಬೆಳೆಸಿ, ಗಡಸು ಬೋರ್‌ವೆಲ್ ನೀರು ಹಾಕದೆ ಮಳೆನೀರು ಹಿಡಿದಿಟ್ಟು ಹಾಕಿ.