ಗಾಜಿನ ಕೋಣೆಯ ದೇಹ, ಸ್ಟೀಲ್ ಮೇಜಿನ ದೇಹ

ಬಾಗಿಲು ತೆರೆಯುವ ಮೊದಲೇ ಫಾರ್ಮಲಿನ್ ಕಣ್ಣು ಉರಿಸುತ್ತದೆ. ಉತ್ತರ ಕರ್ನಾಟಕದ ವೈದ್ಯಕೀಯ ಕಾಲೇಜೊಂದರ ಡಿಸೆಕ್ಷನ್ ಹಾಲ್ ಇದು. ಸಾಲಾಗಿ ಸ್ಟೀಲ್ ಮೇಜುಗಳು, ಅವುಗಳ ಸುತ್ತ ಮೊದಲ ವರ್ಷದ ಬಿಳಿ ಕೋಟುಗಳು. ಹಾಲ್‌ನ ಆ ತುದಿಗೆ ಹೊಸದಾಗಿ ಕಟ್ಟಿದ ಗಾಜಿನ ಕೋಣೆ. ಒಳಗೆ ಎಸಿ, ಮಂಚದಷ್ಟು ಉದ್ದದ ಟಚ್‌ಸ್ಕ್ರೀನ್. ವರ್ಚುವಲ್ ಡಿಸೆಕ್ಷನ್ ಟೇಬಲ್ ಅಂದರೆ ಇದೇ.

ಟ್ಯೂಟರ್ ಬೆರಳಾಡಿಸಿದರು. ಚರ್ಮ ಹೋಯಿತು, ಸ್ನಾಯು ಹೋಯಿತು, ಕೆಂಪು ರಕ್ತನಾಳಗಳಷ್ಟೇ ಉಳಿದವು. ಇನ್ನೊಮ್ಮೆ ಒತ್ತಿದರೆ ಪಕ್ಕದಲ್ಲೇ ಸಿ.ಟಿ. ಸ್ಕ್ಯಾನ್. ತಪ್ಪಾಗಿ ಕತ್ತರಿಸಿದರೂ ಚಿಂತೆಯಿಲ್ಲ, ಒಂದು ಗುಂಡಿ ಒತ್ತಿದರೆ ಎಲ್ಲ ಮೊದಲಿನಂತೆ. ಮೂಳೆಯ ಹಿಂದೆ ಅಡಗಿದ ನರವನ್ನು ಇಷ್ಟು ಸಲೀಸಾಗಿ ತೋರಿಸುವ ಉಪಾಯ ಬೇರೆ ಇಲ್ಲ, ಒಪ್ಪಬೇಕು.

ಪರದೆಗೆ ಹೆಣ ಬೇಡ ಎನ್ನುವವರಿಗೆ ಒಂದು ಮಾತು. ಈ ತಂತ್ರಜ್ಞಾನಕ್ಕೆ ದಾರಿ ಮಾಡಿದ ಅಮೆರಿಕದ ‘ವಿಸಿಬಲ್ ಹ್ಯೂಮನ್’ ಯೋಜನೆಗೆ ಒದಗಿದ್ದು 1993ರಲ್ಲಿ ಟೆಕ್ಸಾಸ್‌ನಲ್ಲಿ ಮರಣದಂಡನೆಗೆ ಗುರಿಯಾದ ಕೈದಿಯೊಬ್ಬನ ದೇಹ. ಅದನ್ನು ಹೆಪ್ಪುಗಟ್ಟಿಸಿ, ಒಂದೊಂದೇ ಮಿಲಿಮೀಟರ್ ಸವೆಸುತ್ತ, 1,800ಕ್ಕೂ ಹೆಚ್ಚು ಪದರಗಳ ಚಿತ್ರ ತೆಗೆದರು. ಅವನು ದೇಹದಾನಕ್ಕೆ ಒಪ್ಪಿದ್ದ, ನಿಜ. ಜೈಲಿನಲ್ಲಿ ಸಾವಿಗೆ ಕಾಯುತ್ತಿದ್ದವನ ಒಪ್ಪಿಗೆ ಎಷ್ಟು ಸ್ವತಂತ್ರ ಎಂಬ ತಕರಾರು ಅಲ್ಲಿ ಇನ್ನೂ ಮುಗಿದಿಲ್ಲ.

ಮತ್ತೆ ಸ್ಟೀಲ್ ಮೇಜಿನ ಬಳಿಗೆ ಬಂದೆ. ಮೇಜಿನ ಮೇಲೆ ವೃದ್ಧರೊಬ್ಬರ ಬಲತೋಳು. ಹುಡುಗಿಯೊಬ್ಬಳು ಫೋರ್ಸೆಪ್ಸ್‌ನಲ್ಲಿ ಕೊಬ್ಬು ಬಿಡಿಸುತ್ತ ನಿಂತುಬಿಟ್ಟಳು.

“ಮೇಡಂ, ಈ ಆರ್ಟರಿ ಇಲ್ಲಿಗ್ಯಾಕ ಬಂತ್ರಿ?”

ಮೊಣಕೈಯ ಕೆಳಗೆ ಕವಲೊಡೆಯಬೇಕಿದ್ದ ಅಪಧಮನಿ ಈ ತೋಳಿನಲ್ಲಿ ಕಂಕುಳ ಹತ್ತಿರವೇ ಕವಲೊಡೆದು, ಮೊಣಕೈ ಮಡಚುವಲ್ಲಿ ಚರ್ಮದ ಅಡಿಯಲ್ಲೇ ಹರಿದಿತ್ತು. ಪ್ರೊಫೆಸರ್ ಉಳಿದ ಮೇಜಿನವರನ್ನೂ ಕರೆದರು.

“ಎಲ್ರೂ ಮುಟ್ಟಿ ನೋಡ್ರಿ. ನಾಳೆ ಇಂಥಾ ಕೈಗೆ ವೇನ್ ಅಂತ ಸೂಜಿ ಹಾಕಿ ಔಷಧ ಬಿಟ್ರ, ಬೆರಳು ಕಪ್ಪಾಗ್ತಾವ.”

ಪರದೆಯಲ್ಲಿರುವುದು ಸ್ಕ್ಯಾನ್ ಆದ ಕೆಲವೇ ದೇಹಗಳು. ಇಂಥ ಅಡ್ಡದಾರಿ ಅದರಲ್ಲಿ ಯಾರೋ ಮೊದಲೇ ಹಾಕಿಟ್ಟಿದ್ದರೆ ಮಾತ್ರ ಸಿಗುತ್ತದೆ. ಸೀಟು ಹೆಚ್ಚುತ್ತಿದೆ, ದೇಹ ಸಾಲುತ್ತಿಲ್ಲ, ಹಾಗಾಗಿ ಪರದೆ ತರೋಣ ಎಂಬ ಲೆಕ್ಕ ಆಡಳಿತ ಮಂಡಳಿಗಳಿಗೆ ರುಚಿಸುತ್ತದೆ. ಜೊತೆಗಿರಲಿ, ಬದಲಿಗೆ ಬೇಡ ಎಂಬುದು ನನ್ನ ಪಕ್ಷ.

ದೇಹಗಳ ಕೊರತೆಗೆ ಯಂತ್ರವೊಂದೇ ಮದ್ದೂ ಅಲ್ಲ. ವಾರಸುದಾರರಿಲ್ಲದ ಶವಗಳನ್ನು ಕಾಲೇಜಿಗೆ ಕೊಡುವ ಕಾಯ್ದೆ ನಮ್ಮಲ್ಲಿ 1957ರಿಂದಲೇ ಇದೆ. ದೇಹದಾನದ ದಾರಿಯೂ ಇದೆ. ಬೆಳಗಾವಿಯಲ್ಲಿ 2010ರಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ತಮ್ಮ ತಂದೆಯ ಇಚ್ಛೆಯಂತೆ ತಂದೆಯ ದೇಹವನ್ನು ವಿದ್ಯಾರ್ಥಿಗಳೆದುರು ತಾವೇ ಛೇದಿಸಿ ಪಾಠ ಮಾಡಿದ್ದು ಆ ಸೀಮೆಯಲ್ಲಿ ಮನೆಮಾತಾಗಿತ್ತು.

ಹೊರಡುವಾಗ ವಿಭಾಗದ ಕಚೇರಿಯಲ್ಲಿ ಗುಮಾಸ್ತರು ಫೋನಿನಲ್ಲಿದ್ದರು. “ಪೋಸ್ಟ್‌ಮಾರ್ಟಂ ಆಗಿದ್ರ ತಗೊಳ್ಳಾಕ ಬರೂದಿಲ್ರಿ. ಆಗಿಲ್ಲಂದ್ರ ಡಾಕ್ಟರ್ ಕೊಟ್ಟ ಮರಣದ ಚೀಟಿ, ಮನೆಯವರ ಸಹಿ, ಎರಡೂ ತರ್ರಿ. ಕಣ್ಣು ಕೊಡೂದಿದ್ರ ಮೊದಲು ಐ ಬ್ಯಾಂಕಿಗೆ ಫೋನ್ ಮಾಡ್ರಿ, ತಡ ಮಾಡಬ್ಯಾಡ್ರಿ.”