ಕಿವಿಯೂ ಒಂದು ಪಾಠಶಾಲೆ

ಸಖರಾಯಪಟ್ಟಣದಂತೆಯೇ ಕಡೂರು ತಾಲ್ಲೂಕಿಗೆ ಸೇರಿದ ದೇವನೂರು, ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರೆಂದು ಪ್ರಸಿದ್ಧ. 34 ಸಂಧಿಗಳ ಈ ಕಾವ್ಯ ವಾರ್ಧಕ ಷಟ್ಪದಿಯಲ್ಲಿದೆ, ಭಾಷೆಯೂ ಸುಲಭದ್ದಲ್ಲ. ಆದರೂ ಅಕ್ಷರ ಕಲಿಯದ ಎಷ್ಟೋ ಮಂದಿಗೆ ಇದರ ಪದ್ಯಗಳು ಬಾಯಿಪಾಠವಾಗಿದ್ದವು.

ಇದು ಹೇಗೆ ಸಾಧ್ಯವಾಯಿತು? ಗಮಕಿಗಳು ಪದ್ಯವನ್ನು ರಾಗವಾಗಿ ಓದುತ್ತಿದ್ದರು. ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ಐದೈದು ಮಾತ್ರೆಗಳ ನಡೆ, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಮರಳುವ ಪ್ರಾಸ ನೆನಪಿಗೆ ಊರುಗೋಲಾಗುತ್ತಿದ್ದವು. ಚಂದ್ರಹಾಸನ ಕಥೆಯ ಕುತೂಹಲ ಮನಸ್ಸನ್ನು ಹಿಡಿದಿಡುತ್ತಿತ್ತು. ಮತ್ತೆ ಮತ್ತೆ ಕೇಳಿದ್ದು ತಿಳಿಯುತ್ತಿತ್ತು, ತಿಳಿದದ್ದು ಉಳಿಯುತ್ತಿತ್ತು.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೂ ಓದದೆಯೇ ಕಾವ್ಯ ಬಲ್ಲ ಕನ್ನಡಿಗರನ್ನು ಮೆಚ್ಚಿದೆ. ಹಾಗೆಂದು ಅಕ್ಷರ ಬೇಡವೆಂದಲ್ಲ. ಅಕ್ಷರ ದಕ್ಕದವರ ಜಮೀನಿನ ಪತ್ರ, ಸಾಲದ ಲೆಕ್ಕ ಪರರ ಕೈಯಲ್ಲೇ ಉಳಿದವು. ಅವರಿಗೆ ಇಲ್ಲದಿದ್ದುದು ಶಾಲೆ, ಬುದ್ಧಿಯಲ್ಲ.

ಮನಸ್ಸಿನ ಕಲಿಕೆಗೆ ಬಾಗಿಲು ಹಲವು. ತರಗತಿಯಲ್ಲಿ ಹಿಂದೆ ಬಿದ್ದ ಮಗುವನ್ನು ದಡ್ಡ ಎನ್ನುವ ಮುನ್ನ, ನಾವು ಎಷ್ಟು ಬಾಗಿಲು ತಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು.